ಎಸ್‌ಎಸ್‌ಎಚ್ ಸರಪಳಿಗೆ ದೋಷ ಹಾಕಿದರೆ ಅಂಚಿನ ಸ್ಥಿತಿ ಸೊನ್ನೆಯಲ್ಲಿ ನಿಲ್ಲುತ್ತಿಲ್ಲ, ಯಾಕೆ?

ಶಿರಾಗೇಟ್:
ತುಮಕೂರಿನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಎಸ್‌ಎಸ್‌ಎಚ್ ಅಂದರೆ ಬಲವಾದ ಮತ್ತು ದುರ್ಬಲ ಕೊಂಡಿಗಳು ಒಂದು ಬಿಟ್ಟು ಒಂದು ಬರುವ ಪರಮಾಣು ಸಾಲಿನ ಮಾದರಿ. ನಮ್ಮಲ್ಲಿ ಹರಳು ಬೆಳೆಸುವ ಸೌಲಭ್ಯ ಇಲ್ಲ, ಅದಕ್ಕೇ ಪ್ರಾಜೆಕ್ಟ್ ಪೂರ್ತಿ ಪೈಥಾನ್‌ನಲ್ಲೇ. 40 ಸೈಟ್‌ಗಳ ಸರಪಳಿ, ಹಾಪಿಂಗ್ (ಎಲೆಕ್ಟ್ರಾನ್ ಪಕ್ಕದ ಸೈಟಿಗೆ ಜಿಗಿಯುವ ಬಲ) 0.5 ಮತ್ತು 1, ತುದಿಯಲ್ಲಿರುವುದು 0.5. ದೋಷ ಇಲ್ಲದಾಗ ಎರಡು ಅಂಚಿನ ಸ್ಥಿತಿಗಳ (ತುದಿಗಳ ಬಳಿಯೇ ಕೂರುವ ಎಲೆಕ್ಟ್ರಾನ್ ಸ್ಥಿತಿಗಳ) ಶಕ್ತಿ ±0.0000007, ಸೊನ್ನೆ ಅಂತಲೇ ಅನ್ನಬಹುದು. ಪ್ರತಿ ಸೈಟಿಗೂ −0.3ರಿಂದ 0.3ರೊಳಗೆ ರ‍್ಯಾಂಡಮ್ ಶಕ್ತಿ ಕೊಟ್ಟರೆ ಒಂದು 0.14ಕ್ಕೆ, ಇನ್ನೊಂದು −0.09ಕ್ಕೆ ಜಾರುತ್ತದೆ. ಇವು ದೋಷಕ್ಕೆ ಜಗ್ಗಲ್ಲ ಅಂತಲ್ವಾ ಎಲ್ಲರೂ ಹೇಳೋದು? ಸೋಮವಾರ ಗೈಡ್‌ಗೆ ತೋರಿಸಬೇಕು.

ನಂದಿಬೆಟ್ಟ:
ಮೊದಲ ಮತ್ತು ಮೂರನೇ ಸೈಟಿಗೆ ಬಂದ ಶಕ್ತಿ ಎಷ್ಟು, ಪ್ರಿಂಟ್ ಮಾಡಿ. ನಿಮ್ಮ ಹಾಪಿಂಗ್‌ಗೆ ಎಡ ಅಂಚಿನ ಸ್ಥಿತಿಯ ಮುಕ್ಕಾಲು ಪಾಲು ಮೊದಲ ಸೈಟಿನಲ್ಲೇ ಕೂತಿರುತ್ತದೆ. ಮೂರನೆಯದರಲ್ಲಿ ಶೇ. 19ರಷ್ಟು, ಎರಡನೆಯದರಲ್ಲಿ ಏನೂ ಇಲ್ಲ. ಅದೇ ಲೆಕ್ಕದಲ್ಲಿ ಶಕ್ತಿ ಜಾರುತ್ತದೆ.

ಸೊನ್ನೆಯನ್ನು ಹಿಡಿದಿಟ್ಟಿರುವುದು ಕೈರಲ್ ಸಿಮೆಟ್ರಿ, ಅಂದರೆ ಬೆಸ ಸೈಟಿಗೂ ಸಮ ಸೈಟಿಗೂ ನಡುವೆ ಮಾತ್ರ ಹಾಪಿಂಗ್, ಸೈಟಿಗೆ ಸ್ವಂತ ಶಕ್ತಿ ಇಲ್ಲ. ಸೈಟ್ ಶಕ್ತಿ ಅದನ್ನೇ ಮುರಿಯುತ್ತದೆ, ಆಮೇಲೆ ಕಾಪಾಡೋರು ಯಾರು? ದೋಷವನ್ನು ಹಾಪಿಂಗ್‌ನಲ್ಲಿ ಹಾಕಿ ನೋಡಿ. ಒಂದು ಎಚ್ಚರಿಕೆ: ಹಾಪಿಂಗ್ ಬರೆಯುವ ಮ್ಯಾಟ್ರಿಕ್ಸಿನ ಕರ್ಣದ ಎರಡೂ ಕಡೆ ಒಂದೇ ರ‍್ಯಾಂಡಮ್ ಸಂಖ್ಯೆ ಇರಲಿ. ನಮ್‌ಪೈನ ಐಗ್‌ಎಚ್ (ಮ್ಯಾಟ್ರಿಕ್ಸಿನಿಂದ ಶಕ್ತಿಗಳನ್ನು ಕಂಡುಹಿಡಿಯುವ ಪೈಥಾನ್ ಫಂಕ್ಷನ್) ಸುಮ್ನೆ ಕೆಳಗಿನ ಅರ್ಧವನ್ನಷ್ಟೇ ಓದುತ್ತದೆ, ಮೇಲೆ ಬೇರೆ ಸಂಖ್ಯೆ ಇದ್ದರೂ ದೂರು ಹೇಳಲ್ಲ.

ಶಿರಾಗೇಟ್:
ಮೊದಲನೆಯದು 0.20, ಮೂರನೆಯದು −0.05. ಗುಣಿಸಿ ಕೂಡಿದರೆ 0.14, ಸರಿಯಾಗಿ ಬಂತು! ಹಾಪಿಂಗ್‌ನಲ್ಲಿ ದೋಷ ಹಾಕಿದಾಗ ಶಕ್ತಿ ಸೊನ್ನೆ ಬಿಟ್ಟು ಕದಲುತ್ತಿಲ್ಲ. ಥ್ಯಾಂಕ್ಸ್ ಸರ್.

ಅಂತರಗಂಗೆ:
ನಿಜವಾದ ಹರಳಿನಲ್ಲೂ ಹೀಗೇನಾ?

ನಂದಿಬೆಟ್ಟ:
ಅಲ್ಲಿ ತಲೆನೋವು ಜಾಸ್ತಿ. ಬಿಸ್ಮತ್ ಸೆಲೆನೈಡ್ ತಗೊಳ್ಳಿ. ಅದು ಟೊಪೊಲಾಜಿಕಲ್ ಇನ್ಸುಲೇಟರ್, ಅಂದರೆ ಕರೆಂಟ್ ಮೇಲ್ಮೈಯಲ್ಲಿ ಮಾತ್ರ ಹರಿಯಬೇಕು, ಒಳಗೆ ಹರಿಯಬಾರದು. ಅದರ ಮೇಲ್ಮೈ ಸ್ಥಿತಿಯನ್ನು ಕಾಯುವುದು ಟೈಮ್ ರಿವರ್ಸಲ್ ಸಿಮೆಟ್ರಿ (ಕಾಲವನ್ನು ಹಿಂದಕ್ಕೆ ಓಡಿಸಿದರೂ ನಿಯಮ ಬದಲಾಗದಿರುವುದು). ಮ್ಯಾಗ್ನೆಟಿಕ್ ಅಲ್ಲದ ದೋಷ ಎಲೆಕ್ಟ್ರಾನನ್ನು ನೇರ ಹಿಂದಕ್ಕೆ ತಿರುಗಿಸಲಾರದು. ಮ್ಯಾಂಗನೀಸ್‌ನಂಥ ಮ್ಯಾಗ್ನೆಟಿಕ್ ಪರಮಾಣು ಸೇರಿದರೆ ಆ ರಕ್ಷಣೆ ಹೋಗುತ್ತದೆ. ಇದಲ್ಲದೆ ಸೆಲೆನಿಯಂ ಪರಮಾಣು ತಪ್ಪಿಹೋದ ಪ್ರತಿ ಜಾಗವೂ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಗ್ಯಾಪ್ (ಹರಳಿನ ಒಳಗೆ ಎಲೆಕ್ಟ್ರಾನ್ ಸ್ಥಿತಿಗಳೇ ಇಲ್ಲದ ಶಕ್ತಿಯ ಅಂತರ) ಸುಮಾರು 0.3 ಇವಿ ಇದ್ದರೂ ಫರ್ಮಿ ಮಟ್ಟ (ಎಲೆಕ್ಟ್ರಾನ್ ತುಂಬಿರುವ ಶಕ್ತಿಯ ಮೇಲಂಚು) ಗ್ಯಾಪ್ ಮೇಲಿನ ಕಂಡಕ್ಷನ್ ಬ್ಯಾಂಡಿಗೆ ಏರಿ, ಒಳಗೆಲ್ಲ ಕರೆಂಟ್ ಹರಿಯುತ್ತದೆ. ಮೇಲ್ಮೈ ಸ್ಥಿತಿ ಹಾಳಾಗಿರಲ್ಲ, ಅಳತೆಯಲ್ಲಿ ಮುಚ್ಚಿಹೋಗಿರುತ್ತದೆ. ಹೆಸರಿಗೆ ಮಾತ್ರ ಇನ್ಸುಲೇಟರ್!

ಶಿರಾಗೇಟ್:
ಕಿಟಾಯೆವ್ ಸರಪಳಿಗೂ (ತುದಿಗಳಲ್ಲಿ ಮಯೋರಾನಾ ಎಂಬ ಸೊನ್ನೆ ಶಕ್ತಿಯ ಸ್ಥಿತಿ ಇರುವ ಇನ್ನೊಂದು ಮಾದರಿ) ಸೈಟ್ ದೋಷವೇ ಹಾಕಿದ್ದೆ. ಅದು ಮಾತ್ರ ಸೊನ್ನೆಯಲ್ಲೇ ನಿಂತಿದೆ?

ನಂದಿಬೆಟ್ಟ:
ಅದು ಸೂಪರ್ ಕಂಡಕ್ಟರ್. ಅಲ್ಲಿನ ಪಾರ್ಟಿಕಲ್-ಹೋಲ್ ಸಿಮೆಟ್ರಿ (ಎಲೆಕ್ಟ್ರಾನಿಗೂ ಅದು ಇಲ್ಲದ ಖಾಲಿ ಜಾಗಕ್ಕೂ ಇರುವ ಸಮತೆ) ಸಮೀಕರಣದ ಒಳಗೇ ಇದೆ, ಸೈಟ್ ಶಕ್ತಿ ಬದಲಾಯಿಸಿ ಮುರಿಯಲು ಆಗಲ್ಲ. ಹಾಗಂತ ದೋಷವನ್ನು ಏರಿಸುತ್ತಲೇ ಹೋಗಬೇಡಿ. ಗ್ಯಾಪ್‌ಗಿಂತ ದೊಡ್ಡದಾದರೆ ಸರಪಳಿಯ ನಡುವೆಯೂ ಸೊನ್ನೆ ಹತ್ತಿರದ ಮಾಮೂಲಿ ಸ್ಥಿತಿಗಳು ಹುಟ್ಟುತ್ತವೆ. ಬರೀ ಶಕ್ತಿ ನೋಡಿದರೆ ಅವೂ ಮಯೋರಾನಾ ಥರವೇ ಕಾಣುತ್ತವೆ. ಪ್ರಯೋಗ ಮಾಡುವವರು ಒದ್ದಾಡುತ್ತಿರುವುದೂ ಇಲ್ಲೇ. ಸೋಮವಾರಕ್ಕೆ ಶಕ್ತಿಯ ಜೊತೆ, ಸ್ಥಿತಿ ತುದಿಯಲ್ಲಿದೆಯೋ ನಡುವೆ ಇದೆಯೋ ತೋರಿಸುವ ಎಲೆಕ್ಟ್ರಾನ್ ತರಂಗದ ಸೈಟ್‌ವಾರು ಪ್ಲಾಟ್ ಕೂಡ ಇಟ್ಟುಕೊಳ್ಳಿ. ಗೈಡ್ ಮೊದಲು ಕೇಳೋದೇ ಅದನ್ನ.