ಗೋರಿಕಾಯಿ ಬಾಳಕ: ಕರಿಯುವುದೊಂದೇ ದಾರಿಯೇ?

ಪ್ರಶ್ನೆ: ಅತ್ತೆ ಊರಿನಿಂದ ಎರಡು ಸೇರು ಗೋರಿಕಾಯಿ ಬಾಳಕ ಕಳುಹಿಸಿದ್ದಾರೆ. ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಬಿಸಿಲಿಗೆ ಒಣಗಿಸಿದ್ದು. ಕರಿಯದೆ ಬಳಸಬಹುದೇ? ಒಣಗಿದ ಮೇಲೆ ಸತ್ವ ಉಳಿದಿರುತ್ತದೆಯೇ?

ಉತ್ತರ 1: ನಾರು, ಖನಿಜಾಂಶ ಬಹುಪಾಲು ಉಳಿಯುತ್ತವೆ, ಬಿಸಿಲಿಗೆ ಸೋಲುವುದು ಸಿ ವಿಟಮಿನ್. ನನಗೆ ರಕ್ತದೊತ್ತಡ ಇರುವುದರಿಂದ ಉಪ್ಪಿನದೇ ಚಿಂತೆ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ತೊಗರಿಬೇಳೆ ಹುಳಿಗೆ ಹಾಕುತ್ತೇನೆ. ಮತ್ತೆ ಉಪ್ಪು ಹಾಕುವ ಮುನ್ನ ರುಚಿ ನೋಡಿ. ಒಮ್ಮೆ ಮರೆತು ಇಡೀ ಪಾತ್ರೆ ಚೆಲ್ಲಿದ್ದೇನೆ.

ಉತ್ತರ 2: ನೆನೆಸುವುದೇ? ಬಾಳಕಕ್ಕೆ ಅವಮಾನ! ಹೊಂಬಣ್ಣಕ್ಕೆ ಕರಿದು, ಕೈಯಲ್ಲಿ ಪುಡಿಮಾಡಿ ಮೊಸರನ್ನಕ್ಕೆ ಕಲಸಿ.

ಕೇಳಿದವರು: ಎರಡೂ ಮಾಡಿದೆ. ಹುಳಿ ಗಂಡನಿಗೆ, ಕರಿದದ್ದು ನನಗೆ. ಡಬ್ಬಿ ಅರ್ಧ ಖಾಲಿ. ಅತ್ತೆಗೆ ಇನ್ನೂ ಹೇಳಿಲ್ಲ.