ಸಿಪಿಇ ಶಿಕ್ಷಕರ ಸಾಮರ್ಥ್ಯವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಆಸ್ಪತ್ರೆಗಳಲ್ಲಿ ರೋಗಿಗಳ ಆತ್ಮಿಕ ಆರೈಕೆ ಮಾಡುವವರಿಗೆ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ (ಸಿಪಿಇ) ತರಬೇತಿ ಕೊಡುವ ಶಿಕ್ಷಕನಾಗಲು ಕಲಿಯುತ್ತಿದ್ದೇನೆ. ದೈವಶಾಸ್ತ್ರ, ವ್ಯಕ್ತಿತ್ವ ಸಿದ್ಧಾಂತ, ಬೋಧನಾ ವಿಧಾನ ಕುರಿತ ನನ್ನ ಪ್ರಬಂಧಗಳನ್ನು ಅರ್ಹತೆ ನಿರ್ಧರಿಸುವ ಸಮಿತಿ ಮೆಚ್ಚಿತು. ಆದರೆ ‘ಇದು ನಿಮ್ಮ ಬೋಧನೆಯಲ್ಲಿ ಕಾಣುತ್ತಿಲ್ಲ’ ಎಂದು ನನಗೆ ಮಾನ್ಯತೆ ಕೊಡುವುದನ್ನು ತಡೆಹಿಡಿಯಿತು. ಇದು ಮನಸ್ಸಿಗೆ ತೋಚಿದಂತೆ ಕೊಟ್ಟ ತೀರ್ಪಲ್ಲವೇ?

ಉತ್ತರ: ಯಾವ ದಿನದ ಯಾವ ಮಾತನ್ನು ನೋಡಿ ಹಾಗೆಂದರು? ಅದನ್ನು ಅವರು ತೋರಿಸಲಾರದಿದ್ದರೆ ನಿಮ್ಮ ಆಕ್ಷೇಪ ಸರಿ. ಕಾರಣಗಳನ್ನು ಲಿಖಿತವಾಗಿ ಕೇಳಿ. ತೋರಿಸಿದ್ದರೆ ಪ್ರಬಂಧಗಳನ್ನು ಪಕ್ಕಕ್ಕಿಟ್ಟು ಆ ಮಾತಿನ ಧ್ವನಿಮುದ್ರಣವನ್ನೇ ಮತ್ತೆ ಮತ್ತೆ ಆಲಿಸಿ.

ಈ ಶಿಕ್ಷಣದ ಹುಟ್ಟೇ ಹಾಗಿದೆ. 1925ರಲ್ಲಿ ಪಾದ್ರಿ ಆಂಟನ್ ಬೋಯ್ಸನ್ ಅಮೆರಿಕದ ವುಸ್ಟರ್ ಮಾನಸಿಕ ಆಸ್ಪತ್ರೆಗೆ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದದ್ದು ‘ಜೀವಂತ ಮಾನವ ದಾಖಲೆ’ಗಳನ್ನು, ಅಂದರೆ ರೋಗಿಗಳನ್ನು, ಓದಲಿ ಎಂದು. ನಿಮ್ಮ ಪಾಲಿಗೆ ಆ ದಾಖಲೆ ನಿಮ್ಮ ವಿದ್ಯಾರ್ಥಿ.

ಒಂದು ಉದಾಹರಣೆ ನೋಡಿ. ವಿದ್ಯಾರ್ಥಿನಿಯೊಬ್ಬಳು ವರ್ಬಾಟಿಮ್ ತರುತ್ತಾಳೆ. ರೋಗಿಯೊಂದಿಗೆ ಆಡಿದ ಮಾತುಗಳನ್ನು ನೆನಪಿನಿಂದ ಸಾಲುಸಾಲಾಗಿ ಬರೆದಿದ್ದಾಳೆ. ರೋಗಿ, ‘ದೇವರು ನನ್ನನ್ನು ಮರೆತಿದ್ದಾನೆ.’ ಆಕೆ, ‘ಹಾಗೆನ್ನಬಾರದು, ಪ್ರಾರ್ಥನೆ ಮಾಡೋಣ.’ ನಿಮ್ಮಂತೆ ತರಬೇತಿಯಲ್ಲಿರುವ ಶಿಕ್ಷಕ ಕೂಡಲೇ ಬೈಬಲಿನ ಪ್ರಲಾಪ ಕೀರ್ತನೆಗಳ, ಅಂದರೆ ದೇವರ ಮುಂದೆ ಅಳಲು ತೋಡಿಕೊಳ್ಳುವ ಹಾಡುಗಳ, ಬಗ್ಗೆ ಕಾಲು ಗಂಟೆ ಪಾಠ ಮಾಡುತ್ತಾನೆ. ಪಾಠದಲ್ಲಿ ತಪ್ಪಿಲ್ಲ. ಆದರೆ ಅವಳು ರೋಗಿಯ ಬಾಯಿ ಮುಚ್ಚಿಸಿದಂತೆಯೇ ಇವನು ಅವಳ ಬಾಯಿ ಮುಚ್ಚಿಸಿದ್ದಾನೆ. ಆ ಮಾತಿಗೆ ಅವಳೇಕೆ ಬೆದರಿದಳು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಹೀಗೆ ಒಂದು ಸಂಬಂಧದ ತೊಡಕು ಇನ್ನೊಂದರಲ್ಲಿ ಮರುಕಳಿಸುವುದನ್ನು ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ವಿವರಿಸಿದ್ದರು. ಪ್ರಬಂಧದಲ್ಲಿ ಎಲ್ಲರೂ ಅದನ್ನು ಚೆಂದವಾಗಿಯೇ ಬರೆಯುತ್ತಾರೆ; ತಮ್ಮದೇ ಕೋಣೆಯಲ್ಲಿ ಅದು ನಡೆಯುವಾಗ ಗುರುತಿಸುವವರು ಕಡಿಮೆ. ಸಮಿತಿ ಹುಡುಕುವುದು, ಹುಡುಕಬೇಕಾದದ್ದು, ಈ ಗುರುತಿಸುವಿಕೆಯನ್ನು.

ಹಾಗಾಗಿ ಮುಂದಿನ ಸಲ ಸಲೀಸಾಗಿ ನಡೆದ ಅವಧಿಯ ಧ್ವನಿಮುದ್ರಣ ಕೊಡಬೇಡಿ. ನೀವು ಎಡವಿ, ಅದನ್ನು ಕಂಡು, ಮುಂದಿನ ವಾರ ದಾರಿ ಬದಲಿಸಿದ ಎರಡು ಅವಧಿಗಳನ್ನು ಒಟ್ಟಿಗೆ ಕೊಡಿ. ಮುದ್ರಿಸಿಕೊಳ್ಳಲು ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು. ರೋಗಿಯ ಗುರುತು ಎಲ್ಲೂ ಸಿಗಬಾರದು.

ಇದೇ ತರಬೇತಿಯಲ್ಲಿರುವ ಇನ್ನೊಬ್ಬರ ಪ್ರಶ್ನೆ: ನನ್ನ ಅಂಜಿಕೆ, ದೌರ್ಬಲ್ಯಗಳನ್ನೆಲ್ಲ ಮಾರ್ಗದರ್ಶಕರ ಬಳಿ ಬಿಚ್ಚಿಟ್ಟಿದ್ದೇನೆ. ಅವರೇ ಮೌಲ್ಯಮಾಪನ ಮಾಡಿದರೆ ಹೇಗೆ, ಸರ್?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ. ನಿಮ್ಮನ್ನು ಹತ್ತಿರದಿಂದ ಕಂಡವರ ವರದಿಯಿಲ್ಲದೆ ಮೌಲ್ಯಮಾಪನ ಟೊಳ್ಳಾಗುತ್ತದೆ. ಆದರೆ ಕೊನೆಯ ಮತ ಅವರ ಕೈಯಲ್ಲಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ನಿಮ್ಮನ್ನು ಅರಿಯದ ಹೊರಗಿನ ಸಮಿತಿ ಬೇಕು. ವರದಿಯನ್ನು ನಿಮಗೆ ಮೊದಲೇ ತೋರಿಸಿ, ಒಪ್ಪದ ಕಡೆ ನಿಮ್ಮ ಉತ್ತರವನ್ನೂ ಲಗತ್ತಿಸಲು ಬಿಡಬೇಕು. ಇನ್ನು ಬಾಲ್ಯದ ನೋವಿನಂಥ ಖಾಸಗಿ ಸಂಗತಿಗಳು ನಿಮ್ಮ ಬೋಧನೆಯನ್ನು ಎಲ್ಲಿ ತಟ್ಟಿದವೋ ಅಷ್ಟು ಮಾತ್ರ ವರದಿಗೆ ಸೇರಬೇಕು. ಯಾವುದು ವರದಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ತರಬೇತಿಯ ಮೊದಲ ವಾರದಲ್ಲೇ ಕೇಳಿ ಬರೆಸಿಕೊಳ್ಳಿ.