ಪದಚರ್ಚೆ: ಮಂಗನ ಕಾಯಿಲೆಯ ಫಲಕದಲ್ಲಿ ‘ಎಪಿಡೆಮಿಯಾಲಜಿ’ ಮತ್ತು ‘ನರ್ಸ್ ಪ್ರಾಕ್ಟೀಷನರ್’

ಮಾನ್ಯರೇ,

ಮಂಗನ ಕಾಯಿಲೆಯ ಕುರಿತ ಒಂದು ಕೈಪಿಡಿಯನ್ನೂ ಆಸ್ಪತ್ರೆಯ ಹೊರಗೋಡೆಗೆ ಹಾಕುವ ಒಂದು ಫಲಕವನ್ನೂ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾಯಿಲೆಯ ಕಾಲ ಡಿಸೆಂಬರಿನ ಹೊತ್ತಿಗೆ ಶುರುವಾಗಿ ಮೇ ತಿಂಗಳವರೆಗೂ ಎಳೆಯುವುದರಿಂದ ಅದಕ್ಕೆ ಮೊದಲೇ ಇವು ಹಳ್ಳಿಗಳನ್ನು ತಲುಪಬೇಕು. ಪ್ರೆಸ್ಸಿನವರು ನಾಳೆ ಸಂಜೆಗೆ ಅಂತಿಮ ಪ್ರತಿ ಕೇಳಿದ್ದಾರೆ. ಶೀರ್ಷಿಕೆಯಲ್ಲಿಯೇ ಇರುವ ಎರಡು ಪದಗಳ ಮುಂದೆ ನಾನು ನಿಂತುಬಿಟ್ಟಿದ್ದೇನೆ: ಎಪಿಡೆಮಿಯಾಲಜಿ (ರೋಗ ಯಾರಿಗೆ, ಎಲ್ಲಿ, ಯಾವಾಗ, ಹೇಗೆ ಬರುತ್ತದೆ ಎಂದು ಜನಸಮುದಾಯದಲ್ಲಿ ಲೆಕ್ಕ ಹಾಕಿ ಅರಿಯುವ ಶಾಸ್ತ್ರ) ಮತ್ತು ನರ್ಸ್ ಪ್ರಾಕ್ಟೀಷನರ್.

ಮೊದಲನೆಯದಕ್ಕೆ ಎಲ್ಲರೂ ಬಳಸುವುದು ‘ಸಾಂಕ್ರಾಮಿಕ ರೋಗಶಾಸ್ತ್ರ’. ಇದನ್ನು ಫಲಕದ ಮೇಲೆ ಬರೆಸಲು ನನಗೆ ಮನಸ್ಸು ಒಪ್ಪುತ್ತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ಈ ಕಾಯಿಲೆ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳ, ಕಚ್ಚುವುದರಿಂದ ಬರುತ್ತದೆ, ಸೋಂಕಿದ ಮಂಗವನ್ನು ಮುಟ್ಟಿದರೂ ಬರಬಹುದು, ಆದರೆ ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ನಮ್ಮ ಕಡೆಯ ಜನಕ್ಕೆ ಮಾತ್ರ ‘ಸಾಂಕ್ರಾಮಿಕ’ ಎಂದರೂ ‘ಅಂಟುರೋಗ’ ಎಂದರೂ ಒಂದೇ. ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ವಾರ್ಡಿನ ಬಾಗಿಲಿಗೆ ‘ಸಾಂಕ್ರಾಮಿಕ ರೋಗ ವಿಭಾಗ’ ಎಂಬ ಕಾಗದವನ್ನು ಅಂಟಿಸಿದ್ದರು. ತರಗೆಲೆ ಗುಡಿಸಲು ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ) ಹೋಗಿ ಜ್ವರ ತಂದುಕೊಂಡಿದ್ದ ಹೆಂಗಸೊಬ್ಬರ ಮಗ ಆ ಕಾಗದವನ್ನು ಓದಿದವನೇ ಗಂಜಿಯ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು, ಕಾಲಿನಿಂದ ಒಳಕ್ಕೆ ತಳ್ಳಿ ಹೊರಟುಹೋದ. ಮಂಚದ ಮೇಲಿದ್ದ ತಾಯಿ ಅದನ್ನು ನೋಡಿದರು. ನಾನು ಡಬ್ಬಿ ತೆಗೆದುಕೊಂಡು ಹೋಗಿ ಅವರಿಗೆ ಉಣ್ಣಿಸಿದೆ. ಎರಡು ತುತ್ತಿಗೆ ಸಾಕೆಂದರು. ಹಾಗಾಗಿ ನನಗೆ ಬೇಕಾಗಿರುವುದು ‘ಅಂಟು’ ಎಂಬ ಅರ್ಥವನ್ನು ಹೊತ್ತು ತಾರದ ಪದ.

ಎರಡನೆಯದು ಇನ್ನೂ ತೊಡಕಿನದು. ಮೂಲದ ಪ್ರಕಾರ ನರ್ಸ್ ಪ್ರಾಕ್ಟೀಷನರ್ ಜ್ವರದ ರೋಗಿಯನ್ನು ತಾನೇ ಪರೀಕ್ಷಿಸುತ್ತಾಳೆ, ಕಾಡಿಗೆ ಹೋಗಿದ್ದಿರಾ, ಸತ್ತ ಮಂಗವನ್ನು ಕಂಡಿರಾ ಎಂದು ವಿಚಾರಿಸುತ್ತಾಳೆ, ಮೊದಲ ದಿನಗಳಲ್ಲೇ ಪಿಸಿಆರ್ ಪರೀಕ್ಷೆಗೆ ರಕ್ತ ಕಳಿಸುತ್ತಾಳೆ, ರಕ್ತಸ್ರಾವವಾಗುವ ಅಪಾಯವಿರುವುದರಿಂದ ಆಸ್ಪಿರಿನ್ ಜಾತಿಯ ಮಾತ್ರೆಗಳನ್ನು ತಡೆಯುತ್ತಾಳೆ, ಜ್ವರ ಬಿಟ್ಟು ಒಂದೆರಡು ವಾರಗಳಾದ ಮೇಲೆ ಕೆಲವರಲ್ಲಿ ತಲೆನೋವು, ಕೈನಡುಕ, ಕುತ್ತಿಗೆಯ ಬಿಗಿತದೊಂದಿಗೆ ಮರುಕಳಿಸುವ ಎರಡನೆಯ ಹಂತಕ್ಕಾಗಿ ಮನೆಗೆ ಹೋಗಿ ನೋಡಿಬರುತ್ತಾಳೆ. ಈ ವೈರಸ್ಸಿಗೇ ಎಂದು ಔಷಧಿ ಇಲ್ಲದಿರುವುದರಿಂದ ಇಂಥ ನಿಗಾ ಇಲ್ಲಿ ಅರ್ಧ ಚಿಕಿತ್ಸೆಯೇ ಆಗಿದೆ. ಇವರನ್ನು ದಾದಿ ಎಂದರೆ ಕಡಿಮೆಯಾಗುತ್ತದೆ, ವೈದ್ಯೆ ಎಂದರೆ ತಪ್ಪಾಗುತ್ತದೆ. ನಮ್ಮ ಉಪಕೇಂದ್ರಗಳಲ್ಲಿರುವ ‘ಸಮುದಾಯ ಆರೋಗ್ಯ ಅಧಿಕಾರಿ’ ಎಂಬ ಹೆಸರನ್ನೇ ಇಲ್ಲಿ ಬಳಸಬಹುದೇ? ದಯವಿಟ್ಟು ಬೇಗ ತಿಳಿಸಿ.

— ನರ್ಸಿಂಗ್ ಬೋಧಕಿ, ಸಾಗರ

*

ಬೋಧಕಿಯವರಿಗೆ ನಮಸ್ಕಾರ.

ಕನ್ನಡದಲ್ಲಿಯೇ ಬೇರು ಇರುವಾಗ ಸಂಸ್ಕೃತದ ‘ಸಾಂಕ್ರಾಮಿಕ’ವನ್ನು ಎಳೆದು ತಂದದ್ದರಿಂದಲೇ ಈ ತೊಡಕು ಹುಟ್ಟಿದೆ. ‘ಪಿಡುಗು’ ಎಂಬ ಅಚ್ಚಗನ್ನಡ ಪದವಿದೆ. ಅದು ‘ಪಿಡಿ’ ಎಂಬ ಧಾತುವಿನಿಂದ ಬಂದದ್ದು, ಊರನ್ನು ಹಿಡಿದುಕೊಳ್ಳುವ ಬೇನೆ ಎಂಬುದೇ ಅದರ ಅರ್ಥ. ಅದಕ್ಕೆ ಅರಿವು ಎಂಬರ್ಥದ ‘ಅರಿಮೆ’ ಸೇರಿಸಿ ‘ಪಿಡುಗರಿಮೆ’ ಎಂದರೆ ಆಯಿತು. ನರ್ಸ್‌ಗೆ ಬಳಸುವ ಶುಶ್ರೂಷಕಿ ಎಂಬುದನ್ನು ನಮ್ಮ ಹಳ್ಳಿಯ ಹೆಂಗಸರು ನಾಲಗೆ ಹೊರಳಿಸಿ ಹೇಳಲಾರರು. ‘ಆರೈಕೆಗಾರ್ತಿ’ ಎಂಬುದು ತಾನಾಗಿ ಬರುತ್ತದೆ. ಇನ್ನು ಆರೋಗ್ಯದ ಪ್ರಕಟಣೆಗಳಲ್ಲಿ ಹಲವರು ಉಣುಗಿಗೆ ‘ಉಣ್ಣೆ’ ಎಂದು ಬರೆಯುತ್ತಾರೆ. ಉಣ್ಣೆ ಎಂದರೆ ಕುರಿಯ ತುಪ್ಪಳ, ಅದು ‘ಊರ್ಣಾ’ದಿಂದ ಬಂದದ್ದು. ರಕ್ತ ಉಣ್ಣುವುದು ‘ಉಣ್ಣಿ’; ತಮಿಳಿನಲ್ಲಿಯೂ ಉಣ್ಣಿಯೇ. ಫಲಕದಲ್ಲಿ ‘ಉಣ್ಣೆ ಕಡಿತ’ ಎಂದು ಬರೆದು ಜನರನ್ನು ಕಂಬಳಿಗೆ ಹೆದರಿಸಬೇಡಿ.

— ಮೈಸೂರು

*

‘ಪಿಡುಗರಿಮೆ’ ಸಲ್ಲದು. ‘ಪಿಡಿ’ ಎಂಬುದೇ ಮೂಲವಾಗಿದ್ದರೆ ಪಾಲು ಹಾಲಾದಂತೆ, ಪಾವು ಹಾವಾದಂತೆ, ಇದೂ ‘ಹಿಡುಗು’ ಆಗಬೇಕಿತ್ತು. ಪಕಾರ ಏಕೆ ಉಳಿಯಿತು ಎಂಬುದಕ್ಕೆ ಮೈಸೂರಿನ ಮಿತ್ರರು ಉತ್ತರಿಸಲಿ. ತೆಲುಗಿನಲ್ಲಿ ಪಿಡುಗು ಎಂದರೆ ಸಿಡಿಲು ಎಂಬುದನ್ನೂ ಅವರು ಗಮನಿಸಲಿ. ಅಚ್ಚಗನ್ನಡವೆಂದು ಎತ್ತಿ ಹಿಡಿಯುವ ಮೊದಲು ಇಷ್ಟನ್ನಾದರೂ ಪರೀಕ್ಷಿಸಬೇಕು.

ಸಂಸ್ಕೃತವನ್ನು ದೂರುವುದರಿಂದ ಪ್ರಯೋಜನವಿಲ್ಲ. ಆಯುರ್ವೇದದ ಪ್ರಾಚೀನ ಗ್ರಂಥವಾದ ಚರಕಸಂಹಿತೆಯ ವಿಮಾನಸ್ಥಾನ ಎಂಬ ಭಾಗದ ಮೂರನೆಯ ಅಧ್ಯಾಯವೇ ಜನಪದೋದ್ಧ್ವಂಸವನ್ನು, ಅಂದರೆ ಊರುನಾಡುಗಳ ಜನರೆಲ್ಲ ರೋಗದಿಂದ ನಾಶವಾಗುವುದನ್ನು, ಕುರಿತದ್ದು. ಆಹಾರ, ದೇಹಪ್ರಕೃತಿ, ವಯಸ್ಸು ಬೇರೆಬೇರೆಯಾದ ಜನರೆಲ್ಲ ಒಂದೇ ರೋಗಕ್ಕೆ ಏಕಕಾಲದಲ್ಲಿ ಏಕೆ ಬಲಿಯಾಗುತ್ತಾರೆ ಎಂಬ ಪ್ರಶ್ನೆಯನ್ನು ಅಲ್ಲಿ ಎತ್ತಲಾಗಿದೆ. ಎಪಿಡೆಮಿಯಾಲಜಿಯಲ್ಲಿರುವ ಗ್ರೀಕ್ ‘ಡೆಮೋಸ್’ ಎಂದರೂ ಜನವೇ. ಹಿಂದಿಯಲ್ಲಿ ‘ಜಾನಪದಿಕ ರೋಗವಿಜ್ಞಾನ’ ಎಂದು ಮಾಡಿಕೊಂಡಿದ್ದಾರೆ. ಶುಶ್ರೂಷೆಯೂ ಹಾಗೆಯೇ: ಕೇಳು ಎಂಬರ್ಥದ ‘ಶ್ರು’ ಧಾತುವಿಗೆ ಇಚ್ಛೆಯನ್ನು ಸೂಚಿಸುವ ಸನ್ ಪ್ರತ್ಯಯ ಸೇರಿ ‘ಕೇಳುವ ಇಚ್ಛೆ’ ಎಂಬ ಅರ್ಥ ಬಂದು, ಅದರಿಂದ ಸೇವೆ ಎಂಬ ಅರ್ಥ ಬೆಳೆಯಿತು. ರೋಗಿಯ ಮಾತು ಕೇಳುವುದೇ ಮೊದಲ ಕರ್ತವ್ಯವಾದ ವೃತ್ತಿಗೆ ಇದಕ್ಕಿಂತ ಒಪ್ಪುವ ಪದ ಇನ್ನಾವುದಿದೆ?

— ಧಾರವಾಡ

*

ಧಾರವಾಡದ ಹಿರಿಯರು ಹಾಕಿದ ಆಕ್ಷೇಪವನ್ನು ಒಪ್ಪಲಾರೆ. ವ್ಯುತ್ಪತ್ತಿ ಏನೇ ಇರಲಿ, ಪಿಡುಗು ಜನರ ಬಾಯಲ್ಲಿದೆ. ಜನಪದೋದ್ಧ್ವಂಸ ಯಾರ ಬಾಯಲ್ಲಿಯೂ ಇಲ್ಲ. ಕನ್ನಡದಲ್ಲಿ ‘ಜಾನಪದಿಕ’ ಎಂದು ಬರೆದರೆ ಓದುಗರು ಕೋಲಾಟದ ಹಾಡನ್ನು ನಿರೀಕ್ಷಿಸುತ್ತಾರೆ. ಸಂಸ್ಕೃತದಿಂದ ತಂದದ್ದು ಸ್ವಂತದ್ದು, ತೆಲುಗಿನಿಂದ ಬಂದದ್ದು ಪರಕೀಯ ಎಂಬ ಈ ಲೆಕ್ಕವನ್ನು ನಾವು ಎಷ್ಟು ಕಾಲ ಹೊರಬೇಕು?

— ಮೈಸೂರು

*

ಇಬ್ಬರಿಗೂ ಒಂದು ವಿನಂತಿ: ನಾಳೆ ಸಂಜೆಗೆ ಮುದ್ರಣವಾಗಬೇಕಾದ ಫಲಕವನ್ನು ಮರೆಯಬೇಡಿ.

ನಾನು ಮಂಗಳೂರಿನವಳು, ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಆಗಿದ್ದೇನೆ. ಈ ವೃತ್ತಿ ಆರಂಭವಾದದ್ದು 1965ರಲ್ಲಿ, ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಅದನ್ನು ರೂಪಿಸಿದರು. ಇಲ್ಲಿ ಇದು ಪರವಾನಗಿಯ ಹೆಸರು. ಕೆಲವು ರಾಜ್ಯಗಳಲ್ಲಿ ನಾವು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಔಷಧಿ ಬರೆಯಬಹುದು, ಕೆಲವು ಕಡೆ ಒಪ್ಪಂದ ಬೇಕು. ಭಾರತದಲ್ಲಿ ತೀವ್ರನಿಗಾ ವಿಭಾಗಕ್ಕೆಂದು ಎರಡು ವರ್ಷಗಳ ಸ್ನಾತಕೋತ್ತರ ಕೋರ್ಸನ್ನು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದೆ, ಹೆರಿಗೆ ಆರೈಕೆಗೂ ಬೇರೆ ಕೋರ್ಸ್ ಇದೆ. ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಅನೇಕರು ನರ್ಸಿಂಗ್ ಪದವೀಧರರೇ ಆದರೂ ಅವರ ತರಬೇತಿ ಬೇರೆ, ಅಧಿಕಾರದ ಮಿತಿಯೂ ಬೇರೆ. ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟರೆ, ಇಲ್ಲದ ಅಧಿಕಾರ ಇದೆಯೆಂದು ಜನ ನಂಬುತ್ತಾರೆ, ಔಷಧಿ ಬರೆಯಲಿಲ್ಲವೆಂದು ಆ ಹುಡುಗಿಯ ಮೇಲೆ ರೇಗುತ್ತಾರೆ. ಪದವಿಯ ಹೆಸರನ್ನು ಅನುವಾದಿಸಬೇಡಿ. ಕನ್ನಡ ಲಿಪಿಯಲ್ಲಿ ‘ನರ್ಸ್ ಪ್ರಾಕ್ಟೀಷನರ್’ ಎಂದೇ ಬರೆದು, ಮುಂದಿನ ವಾಕ್ಯದಲ್ಲಿ ಅವರು ಏನು ಮಾಡುತ್ತಾರೆಂದು ಹೇಳಿ. ಡಾಕ್ಟರ್ ಎಂಬ ಪದವನ್ನು ಅರಗಿಸಿಕೊಂಡ ಭಾಷೆಗೆ ಇದು ಹೊರೆಯಲ್ಲ.

‘ಮಂಗನ ಕಾಯಿಲೆ’ ಎಂಬ ಹೆಸರಿನ ಬಳಿಯೂ ಎಚ್ಚರ ಬೇಕು. ಮಂಗನ ಬಾವು ಎಂದರೆ ಬೇರೆಯೇ ರೋಗ, ಮಕ್ಕಳ ಕೆನ್ನೆ ಊದುವಂಥದ್ದು. 2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ನಮ್ಮ ಮನೆಯವರೇ ಫೋನಿನಲ್ಲಿ ಅದನ್ನು ‘ಮಂಗನ ಕಾಯಿಲೆ’ ಎಂದರು. ಅದು ಮನುಷ್ಯರ ನಡುವೆ ಹರಡುವ ರೋಗ, ಇದು ಹರಡದ್ದು.

— ಒಬ್ಬ ನರ್ಸ್

*

ಎಲ್ಲರಿಗೂ ಕೃತಜ್ಞತೆಗಳು.

ಪಿಡುಗು ಎಂಬುದೂ, ಸೋಂಕು ಎಂಬುದೂ, ಸಾಂಕ್ರಾಮಿಕ ಎಂಬುದೂ ಈ ಶಾಸ್ತ್ರದ ಹೆಸರಿಗೆ ಹೊಂದುವುದಿಲ್ಲ ಎಂಬುದಕ್ಕೆ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿಯಿದೆ. 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ಸೊಂಟ ಮತ್ತು ಮಂಡಿಯ ಕೀಲುಗಳನ್ನು ಸವೆಸುತ್ತದೆ, ವಂಶದಲ್ಲಿ ಇಳಿದು ಬರುತ್ತದೆ, ಯಾವ ಸೋಂಕೂ ಅಲ್ಲ. ಆದರೂ ಯಾವ ಊರು, ಯಾವ ಮನೆತನ, ಯಾವ ವಯಸ್ಸು ಎಂದು ಲೆಕ್ಕ ಹಾಕಿ ಅದನ್ನು ಅರಿತದ್ದು ಇದೇ ಶಾಸ್ತ್ರದ ದಾರಿಯಿಂದ. ಆದ್ದರಿಂದ ಕೈಪಿಡಿಯ ಒಳಗೆ ‘ರೋಗವ್ಯಾಪ್ತಿ ಶಾಸ್ತ್ರ’ ಎಂದು ಇಡುತ್ತೇನೆ. ಜಾನಪದಿಕ ಎಂಬುದನ್ನು ಬಿಟ್ಟದ್ದಕ್ಕೆ ಧಾರವಾಡದ ಹಿರಿಯರು ಬೇಸರಿಸಬಾರದು. ಶುಶ್ರೂಷೆಯ ವಿವರಣೆಯನ್ನು ನಾನು ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ಮೈಸೂರಿನವರ ಆಕ್ಷೇಪ ಸರಿಯಾದದ್ದರಿಂದ ಉಣ್ಣೆಯನ್ನು ಎಲ್ಲ ಕಡೆ ತೆಗೆದಿದ್ದೇನೆ. ಆದರೆ ಇಲ್ಲಿಯವರು ದನದ ಮೈಯಿಂದ ಕಿತ್ತು ತೆಗೆಯುವುದು ಉಣುಗನ್ನೇ ಆದ್ದರಿಂದ ಉಣ್ಣಿ ಎನ್ನದೆ ಉಣುಗು ಎಂದು ಉಳಿಸಿದ್ದೇನೆ. ನರ್ಸ್ ಪ್ರಾಕ್ಟೀಷನರ್ ಎಂಬುದು ಹಾಗೆಯೇ ಇರುತ್ತದೆ.

ಫಲಕದಲ್ಲಿ ಶಾಸ್ತ್ರದ ಹೆಸರೇ ಇರುವುದಿಲ್ಲ. ಈಗ ಕಳಿಸುತ್ತಿರುವ ಪಠ್ಯ ಹೀಗಿದೆ:

‘ಮಂಗನ ಕಾಯಿಲೆ ಯಾರಿಗೆ, ಎಲ್ಲಿ, ಯಾವಾಗ, ಹೇಗೆ ಬರುತ್ತದೆ? ಬೇಸಿಗೆ ಮುಗಿಯುವವರೆಗೆ, ಕಾಡಿಗೂ ಸೊಪ್ಪಿನಬೆಟ್ಟಕ್ಕೂ ಹೋಗುವವರಿಗೆ, ಉಣುಗು ಕಚ್ಚುವುದರಿಂದ ಬರುತ್ತದೆ. ಹೋಗುವ ಮೊದಲು ಉಣುಗನ್ನು ದೂರವಿಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗವನ್ನು ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ರೋಗಿಯ ಪಕ್ಕದಲ್ಲಿ ಕುಳಿತು ಊಟ ಮಾಡಿಸಬಹುದು.’

ಅಕ್ಷರದೋಷ ಕಂಡವರು ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ತಿದ್ದಿಸುತ್ತೇನೆ.

— ನರ್ಸಿಂಗ್ ಬೋಧಕಿ, ಸಾಗರ